ತುಂಬಿದ ತಂಬಿಗೆ ಮತ್ತು ಚಿಂಚೋಳಿಯ ವಿಮಾನ

ಒಂದೂರಿಂದ ಇನ್ನೊಂದೂರು ಎಷ್ಟು ದೂರ ಎಂದು ಗಂಡಸರನ್ನು ಕೇಳಲೇಬಾರದು. ತಾವು ಹೋಗಬೇಕಾದ ಊರು ಅವರಿಗೆ ದೂರ, ಹೆಂಗಸರನ್ನು ಕಳಿಸಬೇಕಾದ ಊರು ಹತ್ತಿರ. ಈ ಮಾತನ್ನು ನಮ್ಮ ಮನೆಯಲ್ಲಿ ಇಂದಿಗೂ ಯಾರೂ ಒಪ್ಪಿಲ್ಲ. ಒಪ್ಪಲಿ ಎಂದು ನಾನು ಹೇಳುತ್ತಲೂ ಇಲ್ಲ.

ಆಗ ನಿಜಾಮರ ರಾಜ್ಯ, ಎಲ್ಲೋ ದೊಡ್ಡ ಲಡಾಯಿ ನಡೆದಿತ್ತು. ಸೇಡಂನ ನಮ್ಮ ಮನೆಗೆ, ಮಗಳು ನೀಲಮ್ಮನನ್ನು ಕೇಳಿಕೊಂಡು ಚಿಂಚೋಳಿಯವರು ಬಂದರು. ಹುಡುಗನ ಬಗ್ಗೆ ತಕರಾರಿರಲಿಲ್ಲ, ಹಾದಿಯ ಬಗ್ಗೆ ಇತ್ತು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕಲ್ಲ; ದಿನ ತುಂಬಿದವಳನ್ನು ಆ ಕಲ್ಲುದಾರಿಯಲ್ಲಿ ಎತ್ತಿನ ಗಾಡಿಯೊಳಗೆ ಕುಲುಕಾಡಿಸಿ ತರುವುದು ನನ್ನಿಂದ ಆಗದ ಮಾತು. ಕೊಡುವುದಿಲ್ಲ ಎಂದೆ.

ಸಂಬಂಧ ತಂದವನು ಮೈದುನ ಗುರುಲಿಂಗಪ್ಪ. ವಾಡಿ ಸ್ಟೇಷನ್ನಿನಲ್ಲಿ ನೌಕರಿ. ದಿನವೂ ರೈಲು ನೋಡಿ ನೋಡಿ ಅವನಿಗೆ ಭೂಮಿಯೇ ಸಣ್ಣದಾಗಿತ್ತು.

"ವೈನಿ, ಸೇಡಂದಾಗೊಂದು, ಚಿಂಚೋಳಿ ಬಾಜೂ ಚಂದಾಪುರದಾಗೊಂದು ವಿಮಾನ ಇಳಿಯೋ ಮೈದಾನ ಮಾಡ್ತಾರಂತ. ಇಲ್ಲಿ ಎಲಿ ಅಡಿಕಿ ಹಾಕ್ಕೊಂಡ್ರ, ಉಗುಳೋದ್ರಾಗ ಅಲ್ಲಿ ಇರ್ತೀರಿ."

"ಉಗುಳೋದು ಯಾರ ತಲಿ ಮ್ಯಾಲಪ್ಪ?"

ಅವನು ಬಿಡಲಿಲ್ಲ, ನಾನೂ ಬಿಡಲಿಲ್ಲ. ನಮ್ಮ ಮನೆಯಲ್ಲಿ ಬಸುರಿಯ ಗಾಡಿಗೆ ಒಂದು ರೂಢಿ: ತುಂಬಿದ ತಂಬಿಗೆ ಮುಂದಿಟ್ಟು, ನೀರು ತುಳುಕದಂತೆ ಎತ್ತು ನಡೆಸಬೇಕು. ಮೈದುನ ಬೀಗರಿಗೆ ಉತ್ತರ ಹೇಳಲು ಚಿಂಚೋಳಿಗೆ ಗಾಡಿ ಹತ್ತಿ ಕುಳಿತಾಗ ಅವನ ತೊಡೆಯ ಮೇಲೆ ಆ ತುಂಬಿದ ತಂಬಿಗೆ ಇಟ್ಟೆ. "ಚೆಲ್ಲದಂಗ ಮುಟ್ಟಿಸು. ಮಗಳನ್ನ ಕೊಡ್ತೀನಿ."

ಕಾಗಿಣಾ ಹೊಳೆ ಬರುವುದರೊಳಗೆ ತಂಬಿಗೆ ಬರಿದಾಗಿ, ಧೋತರ ತೊಯ್ದು, ಅವನು ಅಲ್ಲಿಂದಲೇ ತಿರುಗಿ ಬಂದ. ಗೆದ್ದೆ ಎಂದು ನಾನು ಕಾಲು ಚಾಚಿ ಕುಳಿತೆ. ಆಗ ನೀಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅವ್ವ, ನಾ ಏನು ನೀರಿನ ತಂಬಿಗಿ ಏನು? ಹುಡುಗ ನನಗ ಪಸಂದ್ ಅದಾನ. ನಾ ಬರೋ ಹಾದಿ ನಿನಗ ಅಷ್ಟು ದೂರ ಅನಸ್ತಿದ್ರ, ನೀನೇ ಬಾ."

ಹೆತ್ತವಳಿಗೇ ಹೀಗೆ ಹೇಳುವ ಗುಣ ಅವಳಿಗೆ ಎಲ್ಲಿಂದ ಬಂತೋ, ನಮ್ಮ ಅತ್ತೆಯ ಕಡೆಯಿಂದ ಇರಬೇಕು. ಮದುವೆ ಮಾಡಿದೆ. ಆದರೆ ಅವಳಿಗೆ ದಿನ ತುಂಬುತ್ತ ಬಂದಾಗ, ಬಾಣಂತನ ಚಿಂಚೋಳಿಯಲ್ಲೇ, ನಾನೇ ಹೋಗಿ ಮಾಡುತ್ತೇನೆ ಎಂದೆ. ಓಣಿಯ ಹಿರಿಯರೆಲ್ಲ ಕಟ್ಟೆಗೆ ಬಂದರು.

"ಅಳಿಯನ ಮನ್ಯಾಗ ಕುಂತು ತವರಿನವರು ಬಾಣಂತನ ಮಾಡೋದು ಎಲ್ಯಾರ ಉಂಟೇನವ್ವ?"

"ಇನ್ನ ಮ್ಯಾಲೆ ಉಂಟು," ಎಂದು ಗಾಡಿ ಹತ್ತಿದೆ.

ಮೈದುನ ಹಿಂದಿನಿಂದ ಓಡಿ ಬಂದ. ಕೈಯಲ್ಲಿ ಅದೇ ತಂಬಿಗೆ, ಅಂಚಿನವರೆಗೆ ನೀರು. "ಹಿಡೀರಿ ವೈನಿ."

ಬೇಡ ಎನ್ನುವವಳೇ ನಾನು? ಹಿಡಿದೆ. ಕಾಗಿಣಾದ ಇಳಿಜಾರಿನಲ್ಲಿ ಚೆಲ್ಲಿದ್ದನ್ನು ಹೊಳೆಯಲ್ಲೇ ತುಂಬಿಕೊಂಡೆ. ಹೊಳೆ ಯಾರಿಗೂ ಹೇಳುವುದಿಲ್ಲ. ಅಲ್ಲಿಂದ ಮುಂದೆ ಉಸಿರು ಬಿಗಿಹಿಡಿದು, ಚಂದಾಪುರದ ಅಂಗಡಿಗಳು ಕಾಣುವವರೆಗೂ ಕಾಪಾಡಿಕೊಂಡು ಬಂದೆ. ಕಂಡ ಖುಷಿಯಲ್ಲಿ ಕೈ ಸಡಿಲಿತು, ಗಾಡಿ ಗುಂಡಿಗಿಳಿಯಿತು. ಇಡೀ ತಂಬಿಗೆ ನನ್ನ ಮಡಿಲಿಗೆ.

ಬಾಗಿಲಲ್ಲಿ ಬೀಗತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಿಸಿಲು ಸುಡ್ಲಿಕತ್ತದ. ಸೀರಿ ಹ್ಯಾಂಗ ತೊಯ್ತ್ರಿ ಬೀಗತಿಯರೆ?"

"ವಿಮಾನದಾಗ ಬಂದೆನ್ರಿ, ಹಾದ್ಯಾಗ ಮೋಡ ಬಡೀತು," ಎಂದು ಸೀರೆ ಹಿಂಡುತ್ತ, ನೀಲಮ್ಮ ಯಾವ ಕೋಣೆಯಲ್ಲಿದ್ದಾಳೆ ಎಂದು ಕೇಳಿದೆ.