ಕನ್ನಡದಲ್ಲಿಯೇ ಅಳತಕ್ಕದ್ದು

೧೯೩೪ನೆಯ ಇಸವಿಯಲ್ಲಿ ತಮಿಳು ಸೀಮೆಯ ಸೋಮನೂರಿನ ನಮ್ಮ ನೇಕಾರರ ಬೀದಿಯಲ್ಲಿ, ಕನ್ನಡ ಮನೆಯಲ್ಲಿ ಸತ್ತವರಿಗೆ ಕನ್ನಡದಲ್ಲಿಯೇ ಅಳತಕ್ಕದ್ದೆಂಬ ನಿಯಮ ಜಾರಿಯಲ್ಲಿತ್ತು. ನಿಯಮ ಮಾಡಿದ್ದು ಭಾಷಾಶುದ್ಧಿ ಸಂಘ. ಅದರ ಅಧ್ಯಕ್ಷರು ನೂಲಿನ ವ್ಯಾಪಾರಿ ನಂಜಪ್ಪನ್. ಅವರು ಒಮ್ಮೆ ಮೈಸೂರಿಗೆ ಹೋಗಿಬಂದವರು. ಬಂದ ಮೇಲೆ ಅವರ ಮಾತು ಹೆಂಡತಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಅವರ ಯೋಗ್ಯತೆಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ಆ ವರ್ಷ ಬೆಳ್ಳಿಯಮ್ಮ ತೀರಿಕೊಂಡಳು. ಪಕ್ಕದ ತಮಿಳರ ಬೀದಿಯಿಂದ ಅವಳ ಜೀವದ ಗೆಳತಿ ಮುತ್ತಮ್ಮಾಳ್ ತಲೆಗೂದಲು ಕೆದರಿಕೊಂಡು ಓಡಿಬಂದಳು. ಸತ್ತವರನ್ನು ಹೊಗಳಿ ಅಳುವ ಒಪ್ಪಾರಿಯನ್ನು, ನಿಯಮ ಬರುವವರೆಗೆ, ಎರಡೂ ಬೀದಿಯ ಸಾವಿನಲ್ಲೂ ಇವರಿಬ್ಬರೇ ಜೊತೆಯಾಗಿ ಹಾಡಿದವರು. ಯಾವ ಸಾಲು ಯಾರ ಬಾಯಿಂದ ಯಾರ ಬಾಯಿಗೆ ಹೋಯಿತೆಂದು ಅವರೇ ಕೇಳಿಕೊಂಡಿರಲಿಲ್ಲ.

ನಂಜಪ್ಪನ್ ಬಾಗಿಲಿಗೆ ಅಡ್ಡ ನಿಂತರು. "ತಾವು ಅನ್ಯಭಾಷೆಯಲ್ಲಿ ರೋದಿಸತಕ್ಕದ್ದಲ್ಲ."

"ಎನ್ನ ಸೊಲ್ಲುರಾರು?" ಎಂದು ಮುತ್ತಮ್ಮಾಳ್ ಬೆಳ್ಳಿಯಮ್ಮನ ಮಗಳು ಪೊನ್ನಮ್ಮನನ್ನು ಕೇಳಿದಳು.

"ಏನ್ ಹೇಳ್ತಾರೋ ನಂಗೂ ಪುರಿಯಲೆ, ಚಿಕ್ಕಮ್ಮಾ."

ನಂಜಪ್ಪನ್ ಶುದ್ಧ ಕನ್ನಡದ ದುಃಖವನ್ನು ಓದಿದರು: "ದಿವಂಗತೆಯ ಅಗಲಿಕೆಯಿಂದ ನಮಗೆ ಅಪರಿಮಿತ ವ್ಯಸನವುಂಟಾಗಿರುತ್ತದೆ. ಅನುಮೋದಿಸುವವರು ಕೈ ಎತ್ತತಕ್ಕದ್ದು." ಎಲ್ಲರೂ ಎತ್ತಿದೆವು. ಯಾರಿಗೂ ಅಳು ಬರಲಿಲ್ಲ. ಅಳದೆ ಹೆಣ ಎತ್ತಬಾರದೆಂಬುದೂ ನಿಯಮದಲ್ಲಿತ್ತು. ಹೊತ್ತು ನೆತ್ತಿಗೇರಿತು.

"ಮಾಮಾ, ಅಮ್ಮನ್ನ ಹೀಗೇ ಬುಟ್ಬುಡ್ತೀರಾ? ಅವ್ರು ಅಳ್ಲಿ, ಬುಡಿ!" ಎಂದು ಪೊನ್ನಮ್ಮ ಕೈಮುಗಿದಳು.

ಜಗಲಿಯ ಮೇಲೆ ತುರ್ತುಸಭೆ ಸೇರಿತು. ಮುತ್ತಮ್ಮಾಳ್ ಹಾಡುವ ಒಪ್ಪಾರಿಯನ್ನು ಇಂದಿನಿಂದ ಅಚ್ಚ ಕನ್ನಡವೆಂದು ಪರಿಗಣಿಸತಕ್ಕದ್ದೆಂದು ಸರ್ವಾನುಮತದ ನಿರ್ಣಯವಾಯಿತು. ಮುತ್ತಮ್ಮಾಳ್ ಒಳಗೆ ಹೋಗಿ ಹೆಣದ ಪಕ್ಕ ಕುಸಿದಳು. ಅವಳ ದನಿಗೆ ಬೀದಿಯೇ ಅತ್ತಿತು. ನಂಜಪ್ಪನ್ ಕೂಡ ತಮಿಳಿನಲ್ಲಿ ಬಿಕ್ಕಿದರು. ನಿರ್ಣಯದ ಪ್ರಕಾರ ಅದು ಕನ್ನಡ.

ಸುದ್ದಿ ತಮಿಳರ ಬೀದಿಯ ಸಂಘಕ್ಕೂ ಮುಟ್ಟಿತು. ಒಪ್ಪಾರಿ ಕನ್ನಡವೆಂದು ಕನ್ನಡದವರೇ ಒಪ್ಪಿಕೊಂಡಿರುವುದರಿಂದ ತಮಿಳು ಮನೆಗಳಲ್ಲಿ ಅದನ್ನು ನಿಷೇಧಿಸಲಾಗಿದೆಯೆಂದು ಅವರು ತಮಟೆ ಹೊಡೆಸಿ ಸಾರಿದರು.

ಆಡಿ ತಿಂಗಳಲ್ಲಿ ಮುತ್ತಮ್ಮಾಳ ಗಂಡ ಸತ್ತ. ಅವಳು ಬಾಯಿಗೆ ಸೆರಗು ತುರುಕಿಕೊಂಡು ಹೆಣದ ಮುಂದೆ ಕೂತಿದ್ದಳು. ಹೆಣ ಹೋದ ಮೇಲೆ ಎದ್ದು ನಮ್ಮ ಬೀದಿಗೆ ಬಂದಳು.

"ಬನ್ನಿ ಚಿಕ್ಕಮ್ಮಾ, ಇಲ್ಲಿ ಅಳಿ," ಎಂದು ಪೊನ್ನಮ್ಮ ಜಗಲಿಯಲ್ಲಿ ಚಾಪೆ ಹಾಸಿದಳು.

ಕತ್ತಲಾಗುವವರೆಗೂ ಮುತ್ತಮ್ಮಾಳ್ ಗಂಡನನ್ನು ಕರೆದು ಕರೆದು ಅತ್ತಳು. ಅಳು ತಮ್ಮ ಎಲ್ಲೆಯಾಚೆ ನಡೆದಿದ್ದರಿಂದ ತಮಿಳು ಸಂಘದ ತಕರಾರಿರಲಿಲ್ಲ. ಹೊರಗಿನವರೂ ಕನ್ನಡವನ್ನು ಇಷ್ಟು ಚೆನ್ನಾಗಿ ಕಲಿಯುತ್ತಿರುವುದಕ್ಕೆ ನಂಜಪ್ಪನ್ ಸಂತೋಷ ವ್ಯಕ್ತಪಡಿಸಿದರು.