ಅರ್ಧ ಉಳಿದ ಮೇಲೆ ನಾನು

ಹೊಟ್ಟೆ ಸಣ್ಣದು ಮಾಡುವ ಆಪರೇಷನ್ ಆಗಿ ವರ್ಷ ಕಳೆಯಿತು. ಮೈ ಅರ್ಧಕ್ಕೆ ಇಳಿದಿದೆ. ತಲೆಗೆ ಮಾತ್ರ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ. ಹೀಗಾಗಿ ದಿನಕ್ಕೊಂದು ಫಜೀತಿ. ‘ಭಾರೀ ಛಲೋ ಕಾಣ್ತೀರಿ’ ಅಂತ ಊರೆಲ್ಲ ಅನ್ನುತ್ತದೆ. ನಮ್ಮಾಕೆಯ ಬಾಯಿಂದ ಅಂಥ ಒಂದು ಮಾತು ಬರಲಿ ಅಂತ ನಾನು ಕಾಯುತ್ತಲೇ ಇದ್ದೆ. ಆಕೆಯೋ, ‘ಮೊದಲ ಮನಿ ತುಂಬಿದಂಗ ಇರ್ತಿತ್ತು’ ಅಂದು ಒಳಗೆ ಹೋಗಿಬಿಡುತ್ತಿದ್ದಳು.

ಬಸ್ಸಿನಲ್ಲಿ

ಧಾರವಾಡದಿಂದ ಹುಬ್ಬಳ್ಳಿಗೆ ಹೊರಟಿದ್ದೆ. ಹಳೆಯ ರೂಢಿಯಂತೆ ಕಿಟಕಿ ಪಕ್ಕದ ಹುಡುಗಿಗೆ, ‘ತಂಗಿ, ಸ್ವಲ್ಪ ಸರಕೋವಾ’ ಅಂದೆ. ಸರಿದಳು. ‘ಇನ್ನೊಂಚೂರು.’ ಕಿಟಕಿಗೆ ಅಂಟಿಕೊಂಡಳು. ನಾನು ಕೂತ ಮೇಲೆ ನಮ್ಮಿಬ್ಬರ ನಡುವೆ ದೊಡ್ಡ ಚೀಲ ಇಡುವಷ್ಟು ಜಾಗ. ಉಣಕಲ್ ಊರು ಬರುವ ತನಕ ತಡೆದು ಕೇಳಿದಳು: ‘ಕಾಕಾ, ಇಲ್ಲಿ ಇನ್ನ್ಯಾರು ಹತ್ತೋರದಾರ್ರಿ?’

ಕೆಲಗೇರಿ ಕೆರೆಯ ದಂಡೆಯಲ್ಲಿ

ನಾನು ಭೂಗೋಳ ಕಲಿಸುತ್ತಿದ್ದ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡಿದವರೊಬ್ಬರು ವಾಕಿಂಗ್‌ನಲ್ಲಿ ಎದುರಾದರು. ದಿಟ್ಟಿಸಿ ನೋಡಿ, ‘ನೀವು ಭೂಗೋಳದ ಸರ್ ತಮ್ಮ ಅಲ್ಲೇನ್ರಿ?’ ಅಂದರು. ಖುಷಿಗೆ ಹೂಂ ಅಂದುಬಿಟ್ಟೆ.

‘ಅಣ್ಣಾರು ವರ್ಷಾತು ಕಾಣಲಿಲ್ಲ. ಆ ಮೈಗೆ ಏನೋ ಆಗೇ ಆಗಿರತೈತಿ ಅಂತ ಅನಕೊಂಡೆ. ಎಂಥಾ ಮನಷ್ಯಾ ರೀ! ಪಾಠ ಅಂದ್ರ ಅವರದ ಪಾಠ!’

ಕಣ್ಣೊರೆಸಿಕೊಂಡು ಹೊಗಳುತ್ತಲೇ ಹೋದರು. ಅಷ್ಟೂ ಕೇಳಿಸಿಕೊಂಡ ಮೇಲೆ, ‘ಸರ್, ನಾನ ಅವರು’ ಅಂದೆ. ಮೇಲಿಂದ ಕೆಳಗೆ ನೋಡಿದರು.

‘ಹಂಗಾರ ಹೊಗಳಿದ್ದೆಲ್ಲಾ ವಾಪಸ್!’

ತಕ್ಕಡಿಯಲ್ಲಿ

ನಾನು ಸುಖವಾಗಿ ಮನೆಗೆ ಬಂದರೆ ನನ್ನ ತೂಕದಷ್ಟು ಬೆಲ್ಲದ ತುಲಾಭಾರ ಮಾಡಿಸುತ್ತೇನೆ ಅಂತ ಆಪರೇಷನ್ನಿಗೆ ಮುಂಚೆ ನಮ್ಮಾಕೆ ಮಠದಲ್ಲಿ ಹರಕೆ ಹೊತ್ತಿದ್ದಳು. ಹೋದ ತಿಂಗಳು ತೀರಿಸಲು ಹೋದೆವು. ಬೆಲ್ಲ ತರಿಸಿದ್ದು ನನ್ನ ಹಳೆಯ ತೂಕಕ್ಕೆ! ಬೆಲ್ಲ ನೆಲ ಹಿಡಿಯಿತು. ನಾನು ತಟ್ಟೆ ಸಮೇತ ಮೇಲೆ ಹೋಗಿ ಕಾಲು ಆಡಿಸತೊಡಗಿದೆ.

‘ಅರ್ಧ ಬೆಲ್ಲ ತಗೀರಿ’ ಅಂದರು ಮಠದ ಅಜ್ಜಾರು.

‘ಆಗಂಗಿಲ್ರಿ ಅಜ್ಜಾರ. ನಾ ಬೇಡಕೊಂಡಾಗ ಇವರು ಇಷ್ಟ ಇದ್ರು. ದೇವರಿಗೆ ಕಡಿಮಿ ಮಾಡಂಗಿಲ್ಲ.’

‘ಹಂಗಾರ ಕಡಿಮಿ ಬಿದ್ದಿದ್ದನ್ನ ನೀವ ತುಂಬ್ರಿ. ಹತ್ರಿ!’

ತಟ್ಟೆ ಇಳಿಸಿದರು. ಸೀರೆ ಸಾವರಿಸಿಕೊಂಡು ಆಕೆ ಹತ್ತಿ ನನ್ನ ಪಕ್ಕ ಕೂತಳು. ತಕ್ಕಡಿ ಸಮ ನಿಂತಿತು. ನೆರೆದವರೆಲ್ಲ ಚಪ್ಪಾಳೆ. ನಾನು ಇಳಿಸಿದ್ದು ಇಡೀ ಒಬ್ಬ ಹೆಂಡತಿಯಷ್ಟು ಅಂತ ಆಗ ಗೊತ್ತಾಗಿ ಎದೆ ಉಬ್ಬಿತು.

ಆಕೆ ಸೆರಗು ಬಾಯಿಗೆ ಹಿಡಿದು ಮೆಲ್ಲಗೆ ಅಂದಳು: ‘ಛಲೋ ಆತು ಬಿಡ್ರಿ. ಮದುವ್ಯಾದಾಗಿಂದ ನಿಮ್ಮ ಬಾಜೂಕ ನನಗ ಜಾಗಾ ಸಿಕ್ಕಿದ್ದು ಇವತ್ತ!’