ನನ್ನ ಮೊಣಕಾಲಿನ ಗುಂಡು

ಬೈಲಹೊಂಗಲದ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ದೇಶದ ಭವಿಷ್ಯವನ್ನು ನೆಟ್ಟಗೆ ನಿಲ್ಲಿಸುವ ಗುರುತರ ಹೊಣೆ ನನ್ನದು. ಎಪ್ಪತ್ತರ ದಶಕದ ಒಂದು ಬೆಳಿಗ್ಗೆ ನನ್ನ ಬಲ ಮೊಣಕಾಲೇ ನೆಟ್ಟಗಾಗಲು ನಿರಾಕರಿಸಿತು. ಬೈಠಕ್ ತೋರಿಸಲು ಕುಳಿತವನು ಏಳಲೇ ಇಲ್ಲ. ಇದೂ ಒಂದು ಆಸನವಿರಬೇಕೆಂದು ಹುಡುಗರೂ ಹಾಗೆಯೇ ಕುಳಿತರು!

ಹೆಡ್‌ಮಾಸ್ತರರು ಕರೆದರು. "ಧಾರವಾಡಕ್ಕ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸ್ರಿ. ಕಾಲು ನೆಟ್ಟಗಾಗಲಿಲ್ಲಂದ್ರ ಡ್ರಿಲ್ಲು ಡ್ರಾಯಿಂಗ್ ಮಾಸ್ತರಿಗೆ ಕೊಡಬೇಕಾಕ್ಕೈತಿ, ನೋಡ್ರಿ."

ಡ್ರಾಯಿಂಗ್ ಮಾಸ್ತರಿಗೆ! ಆ ಮನುಷ್ಯನಿಗೆ ಸೀಟಿ ಊದುವಷ್ಟೂ ಉಸಿರಿಲ್ಲ.

ನಾನು ವಿಜ್ಞಾನವನ್ನು ನಂಬುವವನು. ಆದರೆ ಅದೊಂದನ್ನೇ ನಂಬಿ ಕೂಡುವಷ್ಟು ದಡ್ಡನಲ್ಲ. ಧಾರವಾಡಕ್ಕೆ ಹೊರಡುವ ಮುನ್ನ ಹನುಮಪ್ಪನ ಗುಡಿಗೆ ಹೋಗಿ, ಮೂರ್ತಿಗೆ ಹಚ್ಚುವ ಸಿಂಧೂರ ಕೇಳಿದೆ. ಬೆರಳಿನ ತುದಿಯಷ್ಟು ಸಾಕು ಎಂದ ಪೂಜಾರಪ್ಪ. ನಾನು ಬಟ್ಟಲು ತುಂಬ ತಂದೆ. ದೇವರ ವಿಷಯದಲ್ಲಿ ಜಿಪುಣತನ ಸಲ್ಲ! ಎಣ್ಣೆಯಲ್ಲಿ ಕಲಸಿ, ಮೊಣಕಾಲಿಗೆ ದಪ್ಪಗೆ ಮೆತ್ತಿ, ಮೇಲೆ ಪಟ್ಟಿ ಕಟ್ಟಿದೆ.

"ಶನಿವಾರ ಮುಗಿಯೂತನಕ ಬಿಚ್ಚಬ್ಯಾಡ್ರಿ ಮತ್ತ" ಎಂದಳು ಹೆಂಡತಿ ಶಾಂತವ್ವ.

ಧಾರವಾಡದಲ್ಲಿ ಎಕ್ಸ್‌ರೇ ತೆಗೆಯುವವನು ಪಟ್ಟಿಯನ್ನು ದುರುಗುಟ್ಟಿ ನೋಡಿದ.

"ಇದನ್ನ ಬಿಚ್ರಿ."

"ಬಿಚ್ಚಾಂಗಿಲ್ರಿ. ಹರಕಿ ಐತಿ."

"ಒಳಗೇನರ ಐತೇನು?"

"ಏನಿಲ್ರಿ, ಬರೇ ಅರಿವಿ" ಎಂದೆ. ದೇವರ ಪ್ರಸಾದವನ್ನು ಯಾರಾದರೂ ಸಾಮಾನು ಎಂದು ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಮುಖ ಇಳಿಯಿತು. ಮೊಣಕಾಲಿನ ತುಂಬ ಬೆಳ್ಳನೆಯ ಗಡ್ಡೆ, ಸುತ್ತಲೂ ಚೂರುಗಳು.

"ಮಾಸ್ತರ, ಮಿಲಿಟರಿಯಾಗ ಇದ್ರೇನು?"

"ಇಲ್ರಿ. ಡ್ರಿಲ್ಲು."

"ಗುಂಡು ಬಡದಾಂಗ ಕಾಣತೈತಲ್ಲ! ಮುಂಬೈಯಾಗ ಹೊಸಾದೊಂದು ಬಂದೈತಂತ. ಮೊಣಕಾಲಿಗೆ ಕೀಲಿ ಹಾಕೂ ತೂತಿನಷ್ಟ ತೂತು ಮಾಡಿ, ದೀಪದ ನಳಿಗಿ ಒಳಗ ಬಿಟ್ಟು ನೋಡ್ತಾರ. ಮುಂದಿನ ವಾರ ಬರ್ರಿ, ಚೀಟಿ ಬರದು ಕೊಡತೇನಿ."

ಬಸ್ಸು ಹತ್ತುವಾಗ ಹನುಮಪ್ಪನ ಹೆಸರು ಜಪಿಸುತ್ತಿದ್ದೆ. ಬೈಲಹೊಂಗಲದಲ್ಲಿ ಇಳಿಯುವಾಗ ಎದೆ ಉಬ್ಬಿತ್ತು. ಮುಂಬೈ! ದೀಪದ ನಳಿಗೆ! ಡ್ರಾಯಿಂಗ್ ಮಾಸ್ತರನ ಮನೆತನದಲ್ಲಿ ಯಾರಿಗಾದರೂ ಇಂಥ ಭಾಗ್ಯ ಬಂದಿದೆಯೇ?

ಶಾಲೆಗೆ ಹೋಗಿ ಡಾಕ್ಟರು ಅಂದದ್ದನ್ನು ಒಪ್ಪಿಸಿದೆ. "ಗುಂಡು? ಯಾವ ಯುದ್ಧದಾಗ ಬಡೀತ್ರಿ?" ಎಂದರು ಹೆಡ್‌ಮಾಸ್ತರರು.

ನಾನು ನೆಲ ನೋಡಿದೆ. ವೀರರು ಹೆಚ್ಚು ಮಾತಾಡುವುದಿಲ್ಲ.

ಮರುದಿನ ಪ್ರಾರ್ಥನೆಯ ಹೊತ್ತಿಗೆ ನನ್ನ ಕೊರಳಿಗೆ ಹಾರ ಬಿತ್ತು. ನಾನು ಹೋಗದ ಗಡಿಗಳಲ್ಲೆಲ್ಲ ಹೆಡ್‌ಮಾಸ್ತರರು ಭಾಷಣದಲ್ಲಿ ನನ್ನನ್ನು ಕಾದಾಡಿಸಿದರು. "ಡ್ರಿಲ್ಲು ಎಂದೆಂದಿಗೂ ಇವರದ!" ಎಂದು ಘೋಷಿಸಿದರು. ಡ್ರಾಯಿಂಗ್ ಮಾಸ್ತರ ಕಣ್ಣೊರೆಸಿಕೊಂಡ. ನನಗೂ ನನ್ನ ಶೌರ್ಯದ ಬಗ್ಗೆ ನಂಬಿಕೆ ಬರತೊಡಗಿತು.

ಮುಂದಿನ ವಾರ ಶಾಂತವ್ವನೊಡನೆ ಧಾರವಾಡಕ್ಕೆ ಹೋದೆ. ಚೀಟಿಗೆ ಮುಂಚೆ ಇನ್ನೊಂದು ಎಕ್ಸ್‌ರೇ ಬೇಕೆಂದರು ಡಾಕ್ಟರು. ತೆಗೆದರು. ಫಿಲ್ಮನ್ನು ಹಿಂದೆಮುಂದೆ ತಿರುಗಿಸಿ, ಕನ್ನಡಕ ಒರೆಸಿ, ಮತ್ತೆ ನೋಡಿದರು.

"ಗುಂಡು ಎಲ್ಲಿ ಹೋತ್ರಿ?"

ನಾನು ಛಾವಣಿ ನೋಡಿದೆ. ಶಾಂತವ್ವ ಬಾಯಿ ಬಿಟ್ಟಳು. "ಗುಂಡು ನಾ ಕಂಡಿಲ್ರಿ. ಐತ್ವಾರ ಬಿಸಿನೀರು ಹಾಕಿ ಸಿಂಧೂರ ತೊಳದೇನಿ. ಒಂದ ಬಟ್ಟಲ ಇತ್ತು!"

ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಸಿಂಧೂರದಾಗ ಸೀಸ ಇರತೈತ್ರಿ ಮಾರಾಯ್ರ! ಎಕ್ಸ್‌ರೇ ಅದನ್ನ ದಾಟೂದಿಲ್ಲ. ಮುಂಬೈಯವ್ರ ಮುಂದ ನನ್ನ ಮಾನಾ ಕಳೀತಿದ್ರಿ!"

"ಹಂಗಾರ ಕಾಲಿಗೇನಾಗೈತ್ರಿ?" ಎಂದಳು ಶಾಂತವ್ವ.

"ಎಲುವಿನ ನಡುವಿನ ಗಾದಿ ಸವದೈತಿ. ಬೈಠಕ್ ಬಂದ್. ಓಡೂದು ಬಂದ್."

"ಮತ್ತ ಆ ತೂತು?" ಎಂದು ಆಸೆಯಿಂದ ಕೇಳಿದೆ.

"ನಿಮಗ್ಯಾಕ್ರಿ ತೂತು? ಒಂದು ಕುರ್ಚಿ ಸಾಕು."

ಬಸ್ಸಿನಲ್ಲಿ ಶಾಂತವ್ವ ಈ ಕತೆಯನ್ನು ಅಕ್ಕಪಕ್ಕದವರಿಗೆಲ್ಲ ಹೇಳಿದಳು. ನಾನು ಕುಂಟುತ್ತ ಶಾಲೆ ಮುಟ್ಟುವ ಮೊದಲೇ ಸುದ್ದಿ ಅಲ್ಲಿಗೆ ಹೋಗಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಹೆಡ್‌ಮಾಸ್ತರರು ನಿಟ್ಟುಸಿರು ಬಿಟ್ಟರು. "ಎಲ್ಲಾರ ಮುಂದ ಹಾರ ಹಾಕೇವಿ. ಈಗ ಕಸಗೊಂಡ್ರ ಸಾಲಿ ಮರ್ಯಾದಿ ಹೋಗತೈತಿ. ಡ್ರಿಲ್ಲು ನಿಮಗ ಇರಲಿ. ಕುಂತ ಮಾಡ್ರಿ."

ಹೀಗೆ ನನ್ನ ಹುದ್ದೆ ಉಳಿಯಿತು. ಬೇವಿನ ಮರದ ಕೆಳಗೆ ನನಗೊಂದು ಕುರ್ಚಿ ಬಂತು. ಅಂದಿನಿಂದ ನಾನು "ಎಲ್ಲಾರೂ ಏಳ್ರೋ!" ಎಂದು ಗರ್ಜಿಸಿದರೆ, ಮೊದಲು ಇಬ್ಬರು ಹುಡುಗರು ಓಡಿ ಬಂದು ನನ್ನನ್ನು ಎಬ್ಬಿಸುತ್ತಿದ್ದರು!